ಮೈಲ್ಡ್ ಎಂಡೋಮೆಟ್ರಿಯೋಸಿಸ್ ಇದೆ, ಮಗು ಬೇಕು: ಲ್ಯಾಪರೋಸ್ಕೋಪಿಗೆ ಹೂಂ ಅನ್ನುವ ಮುಂಚೆ

"ಸಿಸ್ಟರ್, ಆಪರೇಷನ್ ಮಾಡಿಸಿದ್ರೆ ಗರ್ಭ ನಿಲ್ಲುತ್ತಾ?"

ಮಗುವಿಗಾಗಿ ಕಾಯುತ್ತಿರುವ, ಎಂಡೋಮೆಟ್ರಿಯೋಸಿಸ್ ಇರುವ ಹೆಂಗಸರು ನನ್ನನ್ನು ಕೇಳುವುದು ಹೆಚ್ಚಾಗಿ ಇದೊಂದೇ. ಹೌದು ಅಂತ ಹೇಳಿದರೂ ತಪ್ಪು, ಇಲ್ಲ ಅಂತ ಹೇಳಿದರೂ ತಪ್ಪು. ಆದರೆ ಈ ಪ್ರಶ್ನೆಯನ್ನು ಬಿಡಿಸಿ ನೋಡುವುದಕ್ಕೆ ಒಂದು ದಾರಿ ಇದೆ. ಅದನ್ನು ಇಲ್ಲಿ ಬರೆದಿಡುತ್ತೇನೆ. ಆಪರೇಷನ್ ಅಂದರೆ ಇಲ್ಲಿ ಲ್ಯಾಪರೋಸ್ಕೋಪಿ: ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ ನೋಡಿ, ಕಾಯಿಲೆಯ ಚುಕ್ಕೆಗಳನ್ನು ತೆಗೆಯುವುದು.

ನಾನು ಸ್ತ್ರೀರೋಗ ವಿಭಾಗದ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಸರ್ಜನ್ ಪಕ್ಕದಲ್ಲಿ ನಿಂತು ಉಪಕರಣ ಕೊಡುವುದು ನನ್ನ ಕೆಲಸವಾಗಿತ್ತು. ಈಗ ಆಪರೇಷನ್‌ಗೆ ಮುಂಚೆ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಫೈಲ್ ನೋಡುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ನಾನು ಡಾಕ್ಟರ್ ಅಲ್ಲ. ತೀರ್ಮಾನ ನೀವು ನಿಮ್ಮ ಡಾಕ್ಟರ್ ಜೊತೆ ಕೂತೇ ತೆಗೆದುಕೊಳ್ಳಬೇಕು. ಆದರೆ ಟೇಬಲ್‌ನ ಎರಡೂ ಕಡೆ ನಿಂತು ನೋಡಿದ ಮೇಲೆ ನನಗೆ ಒಂದು ಮಾತು ಗಟ್ಟಿಯಾಗಿದೆ. ಮೈಲ್ಡ್ ಕಾಯಿಲೆಯಲ್ಲಿ ಮುಖ್ಯವಾದ ತೀರ್ಮಾನಗಳೆಲ್ಲ ಟೇಬಲ್ ಮೇಲೆ ಮಲಗುವ ಮುಂಚೆಯೇ ಆಗಿರಬೇಕು. ಆಪರೇಷನ್ ಆದ ಮೇಲಿನ ತಿಂಗಳುಗಳಲ್ಲಿ ಏನು ಮಾಡುತ್ತೀರಿ ಅನ್ನುವುದೂ ಅದರಲ್ಲಿ ಸೇರಿದೆ.

ಮೈಲ್ಡ್ ಅಂದರೆ ಎಷ್ಟು?

ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ, ಹೊಟ್ಟೆಯ ಒಳಗೋಡೆಯ ಪೊರೆಯ ಮೇಲೋ ಅಂಡಾಶಯದ ಮೇಲೋ ಬೆಳೆಯುವುದೇ ಎಂಡೋಮೆಟ್ರಿಯೋಸಿಸ್. ಎಷ್ಟು ಹರಡಿದೆ ಅನ್ನುವುದಕ್ಕೆ ಡಾಕ್ಟರುಗಳು ಪಾಯಿಂಟ್ ಕೊಡುತ್ತಾರೆ. ಹೆಚ್ಚಾಗಿ ಬಳಸುವುದು ಅಮೆರಿಕನ್ ಸೊಸೈಟಿ ಫಾರ್ ರಿಪ್ರೊಡಕ್ಟಿವ್ ಮೆಡಿಸಿನ್ 1996ರಲ್ಲಿ ತಿದ್ದಿದ ಲೆಕ್ಕ. 1ರಿಂದ 5 ಪಾಯಿಂಟ್ ಬಂದರೆ ಒಂದನೇ ಹಂತ, 6ರಿಂದ 15 ಬಂದರೆ ಎರಡನೇ ಹಂತ, 16ರಿಂದ 40 ಮೂರನೇದು, 40 ದಾಟಿದರೆ ನಾಲ್ಕನೇದು. ಮೈಲ್ಡ್ ಅಂದರೆ ಎರಡನೇ ಹಂತ. ಮಾತಿನಲ್ಲಿ ಮಾತ್ರ ಒಂದನ್ನೂ ಎರಡನ್ನೂ ಸೇರಿಸಿ ಮೈಲ್ಡ್ ಅಂತಲೇ ಹೇಳಿಬಿಡುತ್ತಾರೆ. ನಾನೂ ಇಲ್ಲಿ ಹಾಗೇ ಹೇಳುತ್ತಿದ್ದೇನೆ.

ಇಲ್ಲಿ ಗಮನಿಸಬೇಕಾದದ್ದು, ಈ ಪಾಯಿಂಟ್ ಕೊಡುವುದು ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡಿದ ಮೇಲೆ. ಸ್ಕ್ಯಾನ್‌ನಲ್ಲಿ ಅಂಡಾಶಯದ ಚಾಕೊಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಚೀಲ) ಕಾಣುತ್ತದೆ. ಆಳಕ್ಕೆ ಇಳಿದ ಗಂಟುಗಳೂ ಅನುಭವ ಇರುವವರ ಕಣ್ಣಿಗೆ ಕಾಣುತ್ತವೆ. ಪೊರೆಯ ಮೇಲಿನ ಸಣ್ಣ ಚುಕ್ಕೆಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ "ಸ್ಕ್ಯಾನ್ ನಾರ್ಮಲ್" ಅಂತ ಬರೆದಿದ್ದರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಸ್ಕ್ಯಾನ್ ನಾರ್ಮಲ್ ಇದ್ದು, ಮುಟ್ಟಿನ ನೋವು ನೋಡಿ "ಮೈಲ್ಡ್ ಇರಬಹುದು" ಅಂತ ಡಾಕ್ಟರ್ ಹೇಳಿದ್ದರೆ ಅದು ಇನ್ನೂ ಅಂದಾಜು ಮಾತ್ರ. ಹಿಂದೆ ಲ್ಯಾಪರೋಸ್ಕೋಪಿಯಲ್ಲಿ ಕಂಡು ಬರೆದದ್ದಾ, ಇಲ್ಲಾ ಅಂದಾಜಾ? ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ. ಮುಂದಿನ ಲೆಕ್ಕ ಇದರ ಮೇಲೆ ನಿಂತಿದೆ.

ಇನ್ನೊಂದು ಮಾತು. ನೋವಿಗೂ ಹಂತಕ್ಕೂ ತಾಳೆ ಇಲ್ಲ. ನಾಲ್ಕು ಚುಕ್ಕೆ ಇರುವವಳು ಪ್ರತಿ ತಿಂಗಳೂ ಹಾಸಿಗೆ ಹಿಡಿಯುತ್ತಾಳೆ. ನಾಲ್ಕನೇ ಹಂತದವಳಿಗೆ ಏನೂ ಗೊತ್ತೇ ಆಗಿರುವುದಿಲ್ಲ. "ಮೈಲ್ಡ್ ಇದೆ, ಇಷ್ಟು ನೋವು ಹೇಗೆ ಬರುತ್ತೆ" ಅಂತ ಯಾರಾದರೂ ಅಂದರೆ ತಲೆಗೆ ಹಾಕಿಕೊಳ್ಳಬೇಡಿ.

ಮೈಲ್ಡ್ ಇದ್ದರೆ ಮಗು ಆಗಲ್ಲ ಅಂತಲೂ ಅಲ್ಲ. ಎಷ್ಟೋ ಜನರಿಗೆ ತಾನಾಗಿಯೇ ಗರ್ಭ ನಿಲ್ಲುತ್ತದೆ. ತೊಂದರೆ ಇಲ್ಲದ, ವಯಸ್ಸು ಚಿಕ್ಕದಿರುವ ಜೋಡಿಗೆ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ 15ರಿಂದ 20. ಎಂಡೋಮೆಟ್ರಿಯೋಸಿಸ್ ಇದ್ದು, ಗರ್ಭ ನಿಲ್ಲದೆ ಚಿಕಿತ್ಸೆಗೆ ಬಂದವರಲ್ಲಿ ಅದು 2ರಿಂದ 10ಕ್ಕೆ ಇಳಿಯುತ್ತದೆ. ಅಂದರೆ ಬಾಗಿಲು ಮುಚ್ಚಿಲ್ಲ, ನಿಧಾನ ಆಗಿದೆ. ಅಂಡಾಶಯದಿಂದ ಗರ್ಭಕೋಶಕ್ಕೆ ಅಂಡ ಸಾಗುವ ಟ್ಯೂಬ್ ಎರಡೂ ತೆರೆದಿದ್ದರೂ ಹೊಟ್ಟೆಯೊಳಗಿನ ದ್ರವದಲ್ಲಿ ಉರಿಯೂತ ಇರುತ್ತದೆ. ಅದು ಅಂಡಕ್ಕೂ ವೀರ್ಯಾಣುವಿಗೂ ಕಿರಿಕಿರಿ ಕೊಡುತ್ತದೆ ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ.

ಆಪರೇಷನ್‌ನಿಂದ ಸಿಗುವುದು ಎಷ್ಟು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಲ್ಲರೂ ಈ ಭಾಗವನ್ನು ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ.

1997ರಲ್ಲಿ ಕೆನಡಾದ ವೈದ್ಯರ ಒಂದು ಗುಂಪು ದೊಡ್ಡ ಅಧ್ಯಯನ ಪ್ರಕಟಿಸಿತು. 20ರಿಂದ 39 ವಯಸ್ಸಿನ 341 ಹೆಂಗಸರು. ಎಲ್ಲರಿಗೂ ಮಗು ಆಗಿರಲಿಲ್ಲ, ಎಲ್ಲರಿಗೂ ಲ್ಯಾಪರೋಸ್ಕೋಪಿಯಲ್ಲಿ ಒಂದು ಅಥವಾ ಎರಡನೇ ಹಂತ ಕಂಡಿತ್ತು. ಟೇಬಲ್ ಮೇಲೆ ಇರುವಾಗಲೇ ಚೀಟಿ ಎತ್ತುವ ಥರ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಚುಕ್ಕೆಗಳನ್ನು ಕತ್ತರಿಸಿ ಅಥವಾ ಸುಟ್ಟು ತೆಗೆದರು. ಇನ್ನೊಂದು ಗುಂಪಿಗೆ ನೋಡಿ ಸುಮ್ನೆ ಮುಚ್ಚಿದರು. ಆಮೇಲೆ 36 ವಾರ ಕಾದರು. ಗರ್ಭ ನಿಂತು 20 ವಾರ ದಾಟಿದವರು ಚಿಕಿತ್ಸೆ ಮಾಡಿದ ಗುಂಪಿನಲ್ಲಿ ನೂರಕ್ಕೆ ಸುಮಾರು 31, ಮಾಡದ ಗುಂಪಿನಲ್ಲಿ ಸುಮಾರು 18.

ಈ ಎರಡು ಅಂಕಿ ಇಟ್ಟುಕೊಂಡು ಲೆಕ್ಕ ಹಾಕೋಣ. ನೂರು ಜನ ಮೈಲ್ಡ್ ಇರುವವರು ಅಂದುಕೊಳ್ಳಿ. 18 ಜನರಿಗೆ ಚುಕ್ಕೆ ತೆಗೆಯದಿದ್ದರೂ ಆಗುತ್ತಿತ್ತು. ತೆಗೆದದ್ದಕ್ಕೆ ಇನ್ನೊಂದು 13 ಜನರಿಗೆ ಆಯಿತು. 69 ಜನರಿಗೆ ಆ 36 ವಾರಗಳಲ್ಲಿ ತೆಗೆದರೂ ಆಗಲಿಲ್ಲ. "ಆಪರೇಷನ್ ಮಾಡಿದ್ರೆ ಡಬಲ್ ಆಗುತ್ತೆ" ಅಂತ ಹೇಳುವವರು ಇದೇ ಅಂಕಿಗಳಿಂದ ಹೇಳುತ್ತಾರೆ. 18ರಿಂದ 31 ಅಂದರೆ ಡಬಲ್‌ಗೆ ಸ್ವಲ್ಪ ಕಡಿಮೆಯೇ, ಪೂರ್ತಿ ಚಿತ್ರವೂ ಅಲ್ಲ. ನಾನು ಕೌನ್ಸೆಲಿಂಗ್‌ನಲ್ಲಿ ಈ ಮೂರು ಅಂಕಿಗಳನ್ನೂ ಹಾಳೆಯಲ್ಲಿ ಬರೆದು ತೋರಿಸುತ್ತೇನೆ. 69 ಅನ್ನುವುದನ್ನು ದೊಡ್ಡದಾಗಿ ಬರೆಯುತ್ತೇನೆ, ಯಾಕೆಂದರೆ ಅದನ್ನು ಯಾರೂ ಕೇಳಿರುವುದಿಲ್ಲ.

1999ರಲ್ಲಿ ಇಟಲಿಯಲ್ಲಿ ನೂರು ಚಿಲ್ಲರೆ ಹೆಂಗಸರ ಮೇಲೆ ಇದೇ ಥರದ ಅಧ್ಯಯನ ನಡೆಯಿತು. ಅಲ್ಲಿ ಒಂದು ವರ್ಷದ ನಂತರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ಚಿಕ್ಕ ಅಧ್ಯಯನ. ಸಿಕ್ಕಿದ್ದನ್ನೆಲ್ಲ ಒಟ್ಟು ಹಾಕಿ ನೋಡಿದಾಗ ತಕ್ಕಡಿ ಆಪರೇಷನ್ ಕಡೆಗೇ ಸ್ವಲ್ಪ ವಾಲುತ್ತದೆ. ಅಮೆರಿಕದ ಅದೇ ಸೊಸೈಟಿ ಇದನ್ನು ಹೀಗೆ ಹೇಳಿತ್ತು: ಮೈಲ್ಡ್ ಕಾಯಿಲೆ ಇರುವ ಸುಮಾರು 12 ಜನರಿಗೆ ಆಪರೇಷನ್ ಮಾಡಿದರೆ ಒಂದು ಗರ್ಭ ಹೆಚ್ಚಿಗೆ ಸಿಗುತ್ತದೆ. ಇನ್ನು ಕಾಯಿಲೆ ಇದೆಯೋ ಇಲ್ಲವೋ ಗೊತ್ತೇ ಇಲ್ಲದೆ, ನೋವೂ ಇಲ್ಲದೆ, ಬರೀ ಗರ್ಭ ನಿಲ್ಲುತ್ತಿಲ್ಲ ಅಂತ ಎಲ್ಲರಿಗೂ ಲ್ಯಾಪರೋಸ್ಕೋಪಿ ಮಾಡಿದರೆ? ಅಂಥವರಲ್ಲಿ ನೂರಕ್ಕೆ 30 ಜನರಿಗೆ ಮಾತ್ರ ಕಾಯಿಲೆ ಸಿಗುತ್ತದೆ ಅಂತ ಇಟ್ಟುಕೊಂಡರೆ, ಒಂದು ಹೆಚ್ಚಿನ ಗರ್ಭಕ್ಕೆ 40 ಆಪರೇಷನ್ ಬೇಕು. ಅಂದಾಜಾ, ಕಂಡದ್ದಾ ಅಂತ ಮೊದಲು ಕೇಳಿ ಅಂದದ್ದು ಇದಕ್ಕೇ.

ಯುರೋಪಿನ ಸಂತಾನ ಚಿಕಿತ್ಸೆ ವೈದ್ಯರ ಸಂಸ್ಥೆ ಇಎಸ್‌ಎಚ್‌ಆರ್‌ಇ 2022ರಲ್ಲಿ ಮಾರ್ಗಸೂಚಿ ಹೊರತಂದಿತು. ಒಂದು ಮತ್ತು ಎರಡನೇ ಹಂತದಲ್ಲಿ ಆಪರೇಷನ್ ಒಂದು ಆಯ್ಕೆಯಾಗಿ ಕೊಡಬಹುದು ಅಂತ ಅದರಲ್ಲಿದೆ. ಕೊಡಬಹುದು ಅಂತ, ಕೊಡಲೇಬೇಕು ಅಂತ ಅಲ್ಲ. ಐವಿಎಫ್‌ಗೆ, ಅಂದರೆ ಅಂಡ ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಸೇರಿಸುವ ಚಿಕಿತ್ಸೆಗೆ, ಹೋಗುವವರಿಗೆ ಬರೀ ಅದರ ಫಲಿತಾಂಶ ಹೆಚ್ಚಿಸಲಿಕ್ಕೆ ಅಂತ ಮೊದಲು ಆಪರೇಷನ್ ಮಾಡುವುದು ರೂಢಿಯಾಗಬಾರದು ಅಂತಲೂ ಇದೆ. ಈ ಎರಡನೇ ಮಾತು ನೆನಪಿರಲಿ.

ಮೊದಲು ಮುಗಿಸಬೇಕಾದ ಪರೀಕ್ಷೆಗಳು

ಆಪರೇಷನ್‌ಗೆ ತಾರೀಕು ಗೊತ್ತಾಗಿರುತ್ತದೆ, ರಕ್ತ ಪರೀಕ್ಷೆ, ಇಸಿಜಿ, ಎದೆಯ ಎಕ್ಸ್‌ರೇ ಎಲ್ಲ ಫೈಲ್‌ನಲ್ಲಿ ಇರುತ್ತದೆ. "ನಿಮ್ಮವರ ಸೆಮೆನ್ ರಿಪೋರ್ಟ್ ಎಲ್ಲಿ?" ಅಂತ ಕೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಇದು ನಾನು ಮತ್ತೆ ಮತ್ತೆ ನೋಡುವ ದೃಶ್ಯ. ಹೆಂಡತಿಯ ಹೊಟ್ಟೆಗೆ ಮೂರು ತೂತು ಮಾಡುವುದಕ್ಕೆ ತಯಾರು, ಗಂಡ ಒಂದು ಡಬ್ಬಿಯಲ್ಲಿ ಸ್ಯಾಂಪಲ್ ಕೊಡುವುದಕ್ಕೆ ಮಾತ್ರ ಪುರುಸೊತ್ತಿಲ್ಲ! ಇದು ಮೊದಲು. ಎರಡರಿಂದ ಏಳು ದಿನ ವೀರ್ಯ ಹೋಗದಂತೆ ಇದ್ದು ಸ್ಯಾಂಪಲ್ ಕೊಡಬೇಕು. ರಿಪೋರ್ಟ್ ಕಡಿಮೆ ಬಂದರೆ ಇನ್ನೊಂದು ಸಲ ಮಾಡಿಸಬೇಕು. ವೀರ್ಯಾಣು ತುಂಬ ಕಡಿಮೆ ಇದ್ದರೆ ಮೈಲ್ಡ್ ಚುಕ್ಕೆ ತೆಗೆದು ಏನು ಪ್ರಯೋಜನ? ದಾರಿಯೇ ಬೇರೆ ಆಗುತ್ತದೆ.

ಆಮೇಲೆ ಟ್ಯೂಬ್. ಎಚ್‌ಎಸ್‌ಜಿ ಅನ್ನುವ ಎಕ್ಸ್‌ರೇಯಲ್ಲಿ ಗರ್ಭಕೋಶದ ಬಾಯಿಯಿಂದ ದ್ರವ ಬಿಟ್ಟು ಎರಡೂ ಕಡೆ ದಾಟುತ್ತಾ ಅಂತ ನೋಡುತ್ತಾರೆ. ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆ ಆಗುವ ಮುಂಚೆ ಇದನ್ನು ಮಾಡಬೇಕು. ಹೇಗೂ ಲ್ಯಾಪರೋಸ್ಕೋಪಿ ಆಗುವುದಾದರೆ ಅಲ್ಲೇ ಬಣ್ಣ ಹಾಕಿ ನೋಡುತ್ತಾರೆ, ಎರಡು ಸಲ ಬೇಡ ಅಂತ ಕೆಲವು ಡಾಕ್ಟರುಗಳು ಎಚ್‌ಎಸ್‌ಜಿ ಬಿಡುತ್ತಾರೆ. ಅದೂ ಸರಿಯೇ.

ತಿಂಗಳು ತಿಂಗಳು ಅಂಡ ಬಿಡುಗಡೆ ಆಗುತ್ತಿದೆಯಾ, ಥೈರಾಯ್ಡ್ ಸರಿ ಇದೆಯಾ ಅನ್ನುವುದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಎಎಂಎಚ್ ಅನ್ನುವ ಪರೀಕ್ಷೆ ಅಂಡಗಳ ದಾಸ್ತಾನು ಎಷ್ಟು ಉಳಿದಿದೆ ಅನ್ನುವುದರ ಅಂದಾಜು ಕೊಡುತ್ತದೆ. ಅದು ಕಡಿಮೆ ಬಂತು ಅಂತ ಅಳುತ್ತಾ ಬರುವವರು ತುಂಬ ಜನ. ಸಹಜವಾಗಿ ಗರ್ಭ ನಿಲ್ಲುತ್ತಾ ಇಲ್ಲವಾ ಅನ್ನುವುದನ್ನು ಎಎಂಎಚ್ ಹೇಳುವುದಿಲ್ಲ. ಆದರೂ ಆಪರೇಷನ್‌ಗೆ ಮುಂಚೆ ಅದು ಗೊತ್ತಿರಬೇಕು. ಅಂಡಾಶಯದ ಮೇಲೆ ಕೈ ಹಾಕಿದರೆ ಆ ದಾಸ್ತಾನು ಇಳಿಯಬಹುದು.

ಯಾರಿಗೆ ಸರಿ, ಯಾರಿಗೆ ಬೇಡ

ನಿಮ್ಮ ವಯಸ್ಸು 35ರ ಒಳಗಿದೆ. ಪ್ರಯತ್ನ ಶುರು ಮಾಡಿ ತುಂಬ ವರ್ಷ ಆಗಿಲ್ಲ. ಗಂಡನ ರಿಪೋರ್ಟ್ ಚೆನ್ನಾಗಿದೆ. ಮುಟ್ಟಿನಲ್ಲಿ ಅಥವಾ ಸೇರುವಾಗ ನೋವೂ ಇದೆ. ಇಷ್ಟಿದ್ದರೆ ಆಪರೇಷನ್ ಮಾತು ಆಡುವುದಕ್ಕೆ ಅರ್ಥ ಇದೆ ಅನ್ನುತ್ತೇನೆ. ಒಂದೇ ಅರಿವಳಿಕೆಯಲ್ಲಿ ನೋವಿಗೂ ದಾರಿ, ಗರ್ಭಕ್ಕೂ ಸ್ವಲ್ಪ ಅನುಕೂಲ. ನೋವು ನಿಜವಾಗಿ ಬದುಕನ್ನು ಕೆಡಿಸುತ್ತಿದ್ದರೆ ಗರ್ಭದ ಲೆಕ್ಕ ಬದಿಗಿಟ್ಟು ಅದೊಂದಕ್ಕೇ ಆಪರೇಷನ್ ಮಾಡಿಸಿಕೊಳ್ಳಬಹುದು. 12ರಲ್ಲಿ ಒಂದು, 40ರಲ್ಲಿ ಒಂದು ಅನ್ನುವ ಅಂಕಿ ಅಲ್ಲಿಗೆ ಅನ್ವಯಿಸುವುದಿಲ್ಲ.

ಇನ್ನೊಂದು ಕಡೆ, ವಯಸ್ಸು 38, 39. ಅಥವಾ ಟ್ಯೂಬ್ ಮುಚ್ಚಿದೆ, ಗಂಡನ ರಿಪೋರ್ಟ್ ತೀರಾ ಕಡಿಮೆ, ಹೇಗೂ ಐವಿಎಫ್ ಬೇಕೇ ಬೇಕು. ನೋವೂ ಅಷ್ಟಿಲ್ಲ. ಆಗ ಮೈಲ್ಡ್ ಚುಕ್ಕೆ ತೆಗೆಸುವುದಕ್ಕೆ ಮೂರು ತಿಂಗಳು ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಆ ವಯಸ್ಸಿನಲ್ಲಿ ತಿಂಗಳುಗಳೇ ದುಬಾರಿ. 35 ದಾಟಿದವರು ಒಂದು ವರ್ಷ ಅಂತ ಕಾಯದೆ ಆರು ತಿಂಗಳ ಪ್ರಯತ್ನದ ನಂತರವೇ ಪರೀಕ್ಷೆಗೆ ಬರಬೇಕು ಅನ್ನುವುದೂ ಅದಕ್ಕೇ.

"ಆಪರೇಷನ್ ಬೇಡ, ಮಾತ್ರೆಯಲ್ಲಿ ಕರಗಿಸಿ" ಅನ್ನುವವರಿಗೆ: ಡೈನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ, ಗರ್ಭನಿರೋಧಕ ಮಾತ್ರೆ, ಮುಟ್ಟು ನಿಲ್ಲಿಸುವ ಇಂಜೆಕ್ಷನ್ ಇವೆಲ್ಲ ನೋವಿಗೆ ಒಳ್ಳೆಯವು. ಆದರೆ ತೆಗೆದುಕೊಳ್ಳುತ್ತಿರುವಷ್ಟು ದಿನ ಅಂಡ ಬಿಡುಗಡೆಯೇ ತಡೆಯುತ್ತದೆ. ನಿಲ್ಲಿಸಿದ ಮೇಲೆ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದೂ ಇಲ್ಲ. ಮಗು ಬೇಕು ಅನ್ನುವವರಿಗೆ ಅದು ಕಳೆದುಹೋದ ಸಮಯ. ಯಾವುದೋ ಪಥ್ಯ ಮಾಡಿದರೆ ಚುಕ್ಕೆ ಕರಗುತ್ತದೆ ಅನ್ನುವುದನ್ನೂ ನಂಬಬೇಡಿ. ಚೆನ್ನಾಗಿ ತಿನ್ನಿ, ಅಷ್ಟೆ.

ಸರ್ಜನ್ ಹತ್ತಿರ ಕೇಳಬೇಕಾದದ್ದು

ಗಂಡನನ್ನೂ ಕರೆದುಕೊಂಡು ಹೋಗಿ. ಪ್ರಶ್ನೆ ಬರೆದುಕೊಂಡು ಹೋಗಿ, ಎದುರು ಕೂತಾಗ ಮರೆತುಹೋಗುತ್ತದೆ.

"ನೋಡುವುದು, ತೆಗೆಯುವುದು ಎರಡೂ ಒಂದೇ ಸಲಕ್ಕೆ ಆಗುತ್ತಾ?" ಇದು ಮೊದಲನೇ ಪ್ರಶ್ನೆ. ಬರೀ ನೋಡಿ ಮುಚ್ಚಿ, ಎರಡು ತಿಂಗಳು ಬಿಟ್ಟು ಮತ್ತೆ ಅರಿವಳಿಕೆ ಕೊಡುವುದು ಮೈಲ್ಡ್ ಕಾಯಿಲೆಗೆ ಬೇಕಿಲ್ಲ. ಒಪ್ಪಿಗೆ ಪತ್ರದಲ್ಲಿ ತೆಗೆಯುವುದಕ್ಕೂ ನಿಮ್ಮ ಸಹಿ ಇರಬೇಕು. ಇಲ್ಲದಿದ್ದರೆ ಒಳಗೆ ಚುಕ್ಕೆ ಕಂಡರೂ ಸರ್ಜನ್ ಕೈ ಕಟ್ಟಿದಂತೆ.

ಅದರ ಜೊತೆಗೇ ಇದನ್ನೂ ಕೇಳಿ: "ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದರೆ ಏನು ಮಾಡ್ತೀರಿ?" ಕರುಳಿಗೆ ಅಂಟಿದೆ, ಮೂತ್ರಕೋಶಕ್ಕೆ ಇಳಿದಿದೆ ಅಂತ ಕಂಡರೆ ಅಲ್ಲಿಗೆ ನಿಲ್ಲಿಸಿ, ಫೋಟೋ ತೆಗೆದು, ನಿಮ್ಮ ಜೊತೆ ಮಾತಾಡಿ ಮುಂದಿನದು ನೋಡುತ್ತೇವೆ ಅಂತ ಹೇಳುವ ಸರ್ಜನ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಅಂಡಾಶಯದಲ್ಲಿ ಸಣ್ಣ ಸಿಸ್ಟ್ ಕಂಡರೆ ಮುಟ್ಟುತ್ತೀರಾ, ಬಿಡುತ್ತೀರಾ? ಬಣ್ಣ ಹಾಕಿ ಟ್ಯೂಬ್ ನೋಡುತ್ತೀರಾ? ಫೋಟೋ, ವಿಡಿಯೋ ಕೊಡುತ್ತೀರಾ? ಕತ್ತರಿಸಿ ತೆಗೆಯುವುದಾ, ಸುಡುವುದಾ ಅಂತ ಅನೇಕರು ಇಂಟರ್‌ನೆಟ್ ಓದಿ ಜಗಳಕ್ಕೇ ನಿಲ್ಲುತ್ತಾರೆ. ಮೇಲುಮೇಲಿನ ಚುಕ್ಕೆಗಳಲ್ಲಿ ಗರ್ಭದ ಮಟ್ಟಿಗೆ ಎರಡಕ್ಕೂ ದೊಡ್ಡ ವ್ಯತ್ಯಾಸ ತೋರಿಲ್ಲ. ಕೆನಡಾದವರು ಎರಡನ್ನೂ ಬಳಸಿದ್ದರು. ಕತ್ತರಿಸಿ ತೆಗೆದರೆ ಲ್ಯಾಬ್‌ಗೆ ಕಳಿಸಿ ಖಚಿತ ಮಾಡಿಕೊಳ್ಳಬಹುದು, ಅದೊಂದು ಅನುಕೂಲ.

ಅಪಾಯದ ಬಗ್ಗೆಯೂ ಕೇಳಿ. ಬರೀ ನೋಡುವ ಲ್ಯಾಪರೋಸ್ಕೋಪಿಯಲ್ಲೇ ಕರುಳು, ಮೂತ್ರಕೋಶ ಅಥವಾ ದೊಡ್ಡ ರಕ್ತನಾಳಕ್ಕೆ ಪೆಟ್ಟಾಗುವಂಥ ಗಂಭೀರ ತೊಂದರೆ ಸಾವಿರಕ್ಕೆ ಎರಡರಷ್ಟು ಇದೆ. ಚುಕ್ಕೆ ತೆಗೆಯುವಾಗ ಇನ್ನು ಸ್ವಲ್ಪ ಹೆಚ್ಚು. ಕಡಿಮೆಯೇ, ಆದರೆ ಸೊನ್ನೆ ಅಲ್ಲ.

ಆಪರೇಷನ್ ದಿನ

ಮುಟ್ಟು ಮುಗಿದು, ಅಂಡ ಬಿಡುಗಡೆ ಆಗುವ ಮುಂಚಿನ ದಿನಗಳಲ್ಲಿ ತಾರೀಕು ಇಟ್ಟರೆ ಒಳ್ಳೆಯದು. ಆ ತಿಂಗಳ ಗರ್ಭಕ್ಕೆ ತೊಂದರೆ ಆಗುವ ಭಯ ಇರುವುದಿಲ್ಲ. ಆದರೂ ಬೆಳಿಗ್ಗೆ ಮೂತ್ರದಲ್ಲಿ ಪ್ರೆಗ್ನೆನ್ಸಿ ಟೆಸ್ಟ್ ಮಾಡುತ್ತೇವೆ, ಮುಜುಗರ ಬೇಡ. ಊಟ ತಿಂಡಿ ಆರು ಗಂಟೆ ಮುಂಚೆ ನಿಲ್ಲಿಸಬೇಕು. ಬರೀ ನೀರು ಎರಡು ಗಂಟೆ ಮುಂಚಿನವರೆಗೆ ಕುಡಿಯಬಹುದು ಅನ್ನುವುದು ಸಾಮಾನ್ಯ ನಿಯಮ. ನಿಮ್ಮ ಅರಿವಳಿಕೆ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ಕೊನೆ. ಉಗುರಿನ ಬಣ್ಣ ತೆಗೆದುಬನ್ನಿ, ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ ಸರಿಯಾಗಿ ಓದಬೇಕು. ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ ಏನೇ ಇದ್ದರೂ ಹಿಂದಿನ ವಾರವೇ ಹೇಳಿ.

ನಿಮಗೆ ನಿದ್ದೆ ಬಂದ ಮೇಲೆ ನಡೆಯುವುದು ಇದು. ಹೊಕ್ಕುಳದಲ್ಲಿ ಸಣ್ಣ ಗಾಯ ಮಾಡಿ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ, ಹೊಟ್ಟೆ ಮೇಲೆದ್ದು ಒಳಗೆ ಜಾಗ ಆಗುತ್ತದೆ. ಟೇಬಲ್‌ನ ತಲೆ ಕಡೆ ಇಳಿಸುತ್ತಾರೆ, ಕರುಳು ಮೇಲಕ್ಕೆ ಸರಿಯುತ್ತದೆ. ಕೆಳಹೊಟ್ಟೆಯಲ್ಲಿ ಇನ್ನೊಂದೆರಡು ಐದು ಮಿಲಿಮೀಟರ್ ತೂತು. ಥಿಯೇಟರಿನ ದೀಪ ಆರಿಸುತ್ತೇವೆ, ಎಲ್ಲರ ಕಣ್ಣು ಪರದೆ ಮೇಲೆ.

ಮೈಲ್ಡ್ ಕಾಯಿಲೆ ಮೊದಲ ನೋಟಕ್ಕೆ ಸಿಗುವುದೇ ಇಲ್ಲ. ಗರ್ಭಕೋಶ, ಅಂಡಾಶಯ, ಟ್ಯೂಬ್ ಎಲ್ಲ ಚೆನ್ನಾಗಿಯೇ ಕಾಣುತ್ತವೆ. ಅವಸರದ ಸರ್ಜನ್ ಇಲ್ಲೇ "ನಾರ್ಮಲ್" ಅಂದುಬಿಡಬಹುದು. ತಾಳ್ಮೆ ಇರುವವರು ಕ್ಯಾಮೆರಾವನ್ನು ಪೊರೆಯ ಹತ್ತಿರಕ್ಕೆ ಒಯ್ಯುತ್ತಾರೆ. ಒಂದೊಂದೇ ಅಂಡಾಶಯವನ್ನು ಮೆತ್ತಗೆ ಎತ್ತಿ ಅದರ ಅಡಿ ನೋಡುತ್ತಾರೆ. ಗರ್ಭಕೋಶವನ್ನು ಮುಂದಕ್ಕೆ ತಳ್ಳಿ ಹಿಂದಿನ ಗುಂಡಿಯಲ್ಲಿ ನಿಂತ ದ್ರವವನ್ನು ಹೀರಿ ತೆಗೆಯುತ್ತಾರೆ. ಆಗ ಕಾಣುತ್ತವೆ. ಗೋಡೆಗೆ ಮಸಿ ಸಿಡಿದಂತೆ ಕಪ್ಪು ಚುಕ್ಕೆ, ಕೆಲವು ಕಡೆ ಕೆಂಪು, ಕೆಲವು ಕಡೆ ನೀರು ತುಂಬಿದ ಸಣ್ಣ ಗುಳ್ಳೆ, ಇನ್ನು ಕೆಲವು ಕಡೆ ಬಿಳಿ ಕಲೆ ಮಾತ್ರ. ಕಪ್ಪನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಬಣ್ಣವಿಲ್ಲದ ಗುಳ್ಳೆಗೆ ಪಳಗಿದ ಕಣ್ಣು ಬೇಕು.

ಚುಕ್ಕೆ ಪಕ್ಕದಲ್ಲೇ ಮೂತ್ರನಾಳ ಹಾದುಹೋಗುತ್ತಿರುತ್ತದೆ. ಪೊರೆಯ ಅಡಿಯಲ್ಲಿ ಅದು ಆಗಾಗ ಮಿಸುಕುವುದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಅದು ಎಲ್ಲಿದೆ ಅಂತ ನೋಡಿಕೊಂಡು, ಪೊರೆಯನ್ನು ಚಿಮಟದಲ್ಲಿ ಹಿಡಿದು ಮೇಲೆತ್ತಿ, ಆಮೇಲೆ ಕತ್ತರಿಸುತ್ತಾರೆ. ಕೊನೆಗೆ ಕೆಳಗಿನಿಂದ ನೀಲಿ ಬಣ್ಣದ ದ್ರವ ಬಿಡುತ್ತಾರೆ. ಟ್ಯೂಬ್ ಮೊದಲು ನೀಲಿಯಾಗಿ ಉಬ್ಬುತ್ತದೆ. ಆಮೇಲೆ ತುದಿಯಿಂದ ನೀಲಿ ಹನಿ ಹೊರಗೆ ಸುರಿಯುತ್ತದೆ. ಎರಡೂ ಕಡೆ ಸುರಿದರೆ ನಾನು ಗಟ್ಟಿಯಾಗಿ "ಎರಡೂ ಓಪನ್" ಅಂತ ಹೇಳಿ ಬರೆದುಕೊಳ್ಳುತ್ತೇನೆ. ಆ ಬಣ್ಣದಿಂದ ಮರುದಿನ ಮೂತ್ರ ಹಸಿರು ನೀಲಿಯಾಗಿ ಬರಬಹುದು, ಪ್ಯಾಡ್ ಮೇಲೂ ನೀಲಿ ಕಲೆ ಕಾಣಬಹುದು. ಹೆದರಬೇಡಿ. ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ, ರಾತ್ರಿ ಗಾಬರಿಯಿಂದ ಫೋನ್ ಬರುತ್ತದೆ.

ಮನೆಗೆ ಬಂದ ಮೇಲೆ

ಕೆಲವರಿಗೆ ಹೊಟ್ಟೆಗಿಂತ ಭುಜ ಜಾಸ್ತಿ ನೋಯುತ್ತದೆ. ಉಳಿದ ಗ್ಯಾಸ್ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆಣಕುವುದರಿಂದ ಹಾಗೆ. ಎರಡು ಮೂರು ದಿನದಲ್ಲಿ ಹೋಗುತ್ತದೆ, ನಿಧಾನವಾಗಿ ಓಡಾಡಿ. ಒಂದೆರಡು ವಾರದಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗುತ್ತಾರೆ. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯುವ ಬದಲು ಏರುತ್ತಿದ್ದರೆ, ಜ್ವರ, ನಿಲ್ಲದ ವಾಂತಿ, ಹೊಟ್ಟೆ ಉಬ್ಬರ, ಮೂತ್ರ ಹೋಗದಿರುವುದು, ಮೀನಖಂಡದಲ್ಲಿ ಊತ ಇವುಗಳಲ್ಲಿ ಯಾವುದಾದರೂ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಕರುಳಿಗೆ ಆದ ಸಣ್ಣ ಪೆಟ್ಟು ಕೆಲವು ದಿನ ಬಿಟ್ಟು ಗೊತ್ತಾಗುವುದೂ ಉಂಟು.

ಡಿಸ್ಚಾರ್ಜ್ ಸಮ್ಮರಿ ಒಂದನ್ನೇ ಇಸಿದುಕೊಂಡು ಬರಬೇಡಿ. ಆಪರೇಷನ್ ನೋಟ್, ಫೋಟೋ, ಲ್ಯಾಬ್ ರಿಪೋರ್ಟ್ ಮೂರನ್ನೂ ಕೇಳಿ ಪಡೆಯಿರಿ. ಅದರ ಜೊತೆ ಇಎಫ್‌ಐ ಸ್ಕೋರ್ ಹಾಕಿಕೊಡಿ ಅನ್ನಿ. ಎಂಡೋಮೆಟ್ರಿಯೋಸಿಸ್ ಫರ್ಟಿಲಿಟಿ ಇಂಡೆಕ್ಸ್ ಅಂತ, 2010ರಲ್ಲಿ ಬಂದದ್ದು. ಐವಿಎಫ್ ಇಲ್ಲದೆ ಗರ್ಭ ನಿಲ್ಲುವ ಸಾಧ್ಯತೆಯನ್ನು 10ಕ್ಕೆ ಇಷ್ಟು ಅಂತ ಅಳೆಯುತ್ತದೆ. ಹಂತಕ್ಕಿಂತ ಇದು ಎಷ್ಟೋ ಉಪಯೋಗ. ವಯಸ್ಸು 35ರವರೆಗೆ ಇದ್ದರೆ 2 ಅಂಕ, 36ರಿಂದ 39 ಇದ್ದರೆ 1, ಆಮೇಲೆ ಸೊನ್ನೆ. ಪ್ರಯತ್ನ ಮೂರು ವರ್ಷದೊಳಗಿದ್ದರೆ 2, ಮೀರಿದರೆ ಸೊನ್ನೆ. ಹಿಂದೆ ಗರ್ಭ ನಿಂತಿದ್ದರೆ 1. ಉಳಿದ 5 ಅಂಕ ಆಪರೇಷನ್‌ನಲ್ಲಿ ಕಂಡದ್ದಕ್ಕೆ. ಮುಗಿಸುವಾಗ ಟ್ಯೂಬ್, ಅದರ ತುದಿ, ಅಂಡಾಶಯ ಎಷ್ಟು ಚೆನ್ನಾಗಿವೆ ಅನ್ನುವುದಕ್ಕೆ 3, ಕಾಯಿಲೆ ಕಡಿಮೆ ಇರುವುದಕ್ಕೆ 2.

ಇಬ್ಬರನ್ನು ತೆಗೆದುಕೊಳ್ಳಿ. ಇಬ್ಬರಿಗೂ ಮೈಲ್ಡ್, ಇಬ್ಬರ ಟ್ಯೂಬೂ ಚೆನ್ನಾಗಿವೆ, ಯಾರಿಗೂ ಹಿಂದೆ ಗರ್ಭ ನಿಂತಿಲ್ಲ. ಒಬ್ಬಳಿಗೆ 31, ಎರಡು ವರ್ಷದಿಂದ ಪ್ರಯತ್ನ: 9 ಅಂಕ. ಇನ್ನೊಬ್ಬಳಿಗೆ 39, ನಾಲ್ಕು ವರ್ಷದಿಂದ ಪ್ರಯತ್ನ: 6 ಅಂಕ. ಮೊದಲನೆಯವಳು ಕೆಲವು ತಿಂಗಳು ತಾವಾಗಿಯೇ ಪ್ರಯತ್ನಿಸಬಹುದು. ಎರಡನೆಯವಳು ಹೊಲಿಗೆ ಒಣಗುವಷ್ಟರಲ್ಲೇ ಮುಂದಿನ ಚಿಕಿತ್ಸೆಯ ಮಾತು ಆಡಬೇಕು. ಕಾಯಿಲೆ ಒಂದೇ, ದಾರಿ ಎರಡು.

ಆಮೇಲಿನ ತಿಂಗಳುಗಳು

ಆಪರೇಷನ್ ಮುಗಿಸಿಕೊಂಡು ಹೋದವರಲ್ಲಿ ಕೆಲವರು ಎರಡು ವರ್ಷ ಬಿಟ್ಟು ಬರುತ್ತಾರೆ. "ಕ್ಲೀನ್ ಮಾಡಿದ್ದಾರಲ್ಲ, ಆಗುತ್ತೆ ಅಂತ ಕಾದ್ವಿ ಸಿಸ್ಟರ್." ಇದು ನನಗೆ ನಿಜಕ್ಕೂ ಬೇಸರ ತರುತ್ತದೆ. ಕೆನಡಾದ ಅಧ್ಯಯನದಲ್ಲಿ ನೋಡಿದ್ದು 36 ವಾರ, ಎರಡು ವರ್ಷ ಅಲ್ಲ. ತೆಗೆದ ಚುಕ್ಕೆ ಮತ್ತೆ ಬರಬಹುದು, ವಯಸ್ಸಂತೂ ನಿಲ್ಲುವುದಿಲ್ಲ. ಆದ್ದರಿಂದ ಕೊನೆ ತಾರೀಕು ಆಪರೇಷನ್‌ಗೆ ಮುಂಚೆಯೇ ಬರೆದಿಡಿ. 35ರ ಒಳಗಿನವರಿಗೆ ಆರು ತಿಂಗಳು, ಹೆಚ್ಚೆಂದರೆ ಒಂಬತ್ತು. ಅದಕ್ಕಿಂತ ದೊಡ್ಡವರಿಗೆ ಇನ್ನೂ ಕಡಿಮೆ. ಆ ತಾರೀಕಿಗೆ ಡಾಕ್ಟರ್ ಅಪಾಯಿಂಟ್‌ಮೆಂಟನ್ನೂ ತೆಗೆದಿಡಿ.

ಡಿಸ್ಚಾರ್ಜ್ ಆಗುವಾಗ ಮೂರು ತಿಂಗಳ ಹಾರ್ಮೋನ್ ಮಾತ್ರೆಯೋ ಇಂಜೆಕ್ಷನ್ನೋ ಬರೆದುಕೊಟ್ಟರೆ ಅಲ್ಲೇ ಕೇಳಿ: "ನಾವು ಈಗಲೇ ಪ್ರಯತ್ನ ಮಾಡಬೇಕು, ಇದು ಯಾಕೆ?" ಮಗು ಈಗಲೇ ಬೇಕು ಅನ್ನುವವರಿಗೆ ಗರ್ಭಕ್ಕೆ ಒಳ್ಳೆಯದು ಅಂತ ಅದನ್ನು ಕೊಡಬಾರದು ಅಂತಲೇ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಸಾಮಾನ್ಯವಾಗಿ ಮುಂದಿನ ಮುಟ್ಟು ಆದ ಮೇಲೆ ಪ್ರಯತ್ನ ಶುರು ಮಾಡಬಹುದು. ಅಂಡ ಬಿಡುಗಡೆ ಆಗುವ ದಿನ ಮತ್ತು ಅದರ ಹಿಂದಿನ ಐದು ದಿನ ಫಲ ಕೊಡುವ ದಿನಗಳು. ಕ್ಯಾಲೆಂಡರ್ ಹಿಡಿದು ಒದ್ದಾಡುವ ಬದಲು ಮುಟ್ಟು ನಿಂತ ಮೇಲೆ ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಈಗಲೇ ಶುರುವಾಗಿರಲಿ. ನೋವಿಗೆ ಐಬುಪ್ರೋಫೆನ್ ಥರದ ಮಾತ್ರೆ ಮುಟ್ಟಿನ ದಿನಗಳಲ್ಲಿ ಸರಿ. ಅಂಡ ಬಿಡುಗಡೆಯ ಹೊತ್ತಿಗೆ ದಿನಾ ನುಂಗಿದರೆ ಅಂಡ ಹೊರಬರುವುದಕ್ಕೇ ಅಡ್ಡಿಯಾಗಬಹುದು. ಆ ದಿನಗಳಿಗೆ ಪ್ಯಾರಾಸಿಟಮಾಲ್ ಸಾಕಾ ಅಂತ ಡಾಕ್ಟರನ್ನು ಕೇಳಿ.

ಗಡುವು ಮುಗಿದರೆ ಮುಂದಿನ ಮೆಟ್ಟಿಲು ಸಾಮಾನ್ಯವಾಗಿ ಐಯುಐ. ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟು ಅಂಡ ಬೆಳೆಸಿ, ವೀರ್ಯವನ್ನು ತೊಳೆದು ಗರ್ಭಕೋಶಕ್ಕೆ ಬಿಡುತ್ತಾರೆ. ಅಂಡ ಬೆಳೆಸದೆ ಬರೀ ಐಯುಐ ಮಾಡಿದರೆ ಪ್ರಯೋಜನ ಕಡಿಮೆ. ಅದನ್ನೂ ಮೂರು ನಾಲ್ಕು ಸಲಕ್ಕೆ ನಿಲ್ಲಿಸಿ ಐವಿಎಫ್ ಯೋಚಿಸಬೇಕು. ಗರ್ಭ ನಿಲ್ಲಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಎರಡನೇ ಸಲ ಲ್ಯಾಪರೋಸ್ಕೋಪಿ ಮಾಡೋಣ ಅಂದರೆ ಮಾತ್ರ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯದೆ ಒಪ್ಪಬೇಡಿ.

"ಮಗು ಆದ್ರೆ ಈ ಕಾಯಿಲೆಯೇ ಹೋಗುತ್ತಂತೆ" ಅನ್ನುವ ಮಾತನ್ನು ಡಾಕ್ಟರುಗಳ ಬಾಯಲ್ಲೂ ಕೇಳಿದ್ದೇನೆ. ಬಸಿರಲ್ಲಿ ಮುಟ್ಟು ಇರುವುದಿಲ್ಲ, ನೋವು ತಗ್ಗಬಹುದು. ಕಾಯಿಲೆ ಹೋಗುತ್ತದೆ ಅಂತ ಭರವಸೆ ಇಲ್ಲ.

ಟೆಸ್ಟ್‌ನಲ್ಲಿ ಎರಡು ಗೆರೆ ಬಂದರೆ, ಕೊನೆಯ ಮುಟ್ಟಿನಿಂದ ಎಣಿಸಿ ಆರೇಳು ವಾರಕ್ಕೆ ಸ್ಕ್ಯಾನ್ ಮಾಡಿಸಿ. ಎಂಡೋಮೆಟ್ರಿಯೋಸಿಸ್ ಇರುವವರಲ್ಲಿ ಗರ್ಭ ಟ್ಯೂಬಿನಲ್ಲೇ ಕೂರುವ ಸಾಧ್ಯತೆ ಸ್ವಲ್ಪ ಹೆಚ್ಚು. ಅದಕ್ಕೇ ಗರ್ಭಕೋಶದ ಒಳಗೇ ಇದೆ ಅಂತ ಬೇಗ ನೋಡಿಕೊಳ್ಳಬೇಕು. ಕೆಳಹೊಟ್ಟೆಯ ಒಂದೇ ಕಡೆ ನೋವು, ಭುಜ ನೋವು, ತಲೆಸುತ್ತು, ರಕ್ತ ಕಾಣುವುದು ಇದ್ದರೆ ಸ್ಕ್ಯಾನ್ ತಾರೀಕಿನವರೆಗೆ ಕಾಯದೆ ಅವತ್ತೇ ಹೋಗಿ. ಹೋಗುವಾಗ ಆಪರೇಷನ್ ಫೈಲ್ ಕೈಯಲ್ಲಿರಲಿ, ಡ್ಯೂಟಿಯಲ್ಲಿರುವ ಡಾಕ್ಟರಿಗೆ ನಿಮ್ಮ ಹಿಂದಿನ ಕಥೆ ಗೊತ್ತಿರುವುದಿಲ್ಲ.